ದೊಡ್ಡಪ್ಪನಿಗೆ ಸಿಗದ ಬಟನ್

‘ಅಕ್ಕಾ, ನನ್ನ ಫಸ್ಟ್ ವೆಬ್‌ಸೈಟ್! ನೋಡಿ ಹೇಳು’ ಅಂತ ಚಿಕ್ಕಮ್ಮನ ಮಗಳು ಲಿಂಕ್ ಕಳಿಸಿದಾಗ ರಾತ್ರಿ ಹನ್ನೊಂದಾಗಿತ್ತು. ಚಿಕ್ಕಮ್ಮ ಮನೆಯಲ್ಲೇ ಮಾಡಿ ಮಾರುವ ಹಪ್ಪಳ, ಸಂಡಿಗೆ, ಚಟ್ನಿಪುಡಿಗೆ ಒಂದು ಆರ್ಡರ್ ಪುಟ. ಬಣ್ಣ, ಫೋಟೊ ಎಲ್ಲ ಚೆಂದ. ‘ಸೂಪರ್ ಕಣೇ’ ಅಂತ ಟೈಪ್ ಮಾಡಿ ಮಲಗಿಬಿಟ್ಟೆ. ಆರು ವರ್ಷದಿಂದ ಇದೇ ಕೆಲಸ ಮಾಡುವವಳು ನಾನು, ಕೋಡ್ ತೆರೆದೂ ನೋಡಲಿಲ್ಲ.

ನಾಲ್ಕು ದಿನ ಬಿಟ್ಟು ಶಿವಮೊಗ್ಗದಿಂದ ದೊಡ್ಡಪ್ಪನ ಫೋನ್. ಗ್ಲುಕೋಮಾದಿಂದ ಅವರ ದೃಷ್ಟಿ ಹೋಗಿ ಎಂಟು ವರ್ಷವಾಯಿತು. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಹಾಕಿಕೊಂಡು ಪೇಪರ್ ಓದುತ್ತಾರೆ, ಮೇಲ್ ಬರೆಯುತ್ತಾರೆ. (ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ ಅದು. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ.) ‘ಏನಮ್ಮಾ, ಮಗು ಮಾಡಿದ ಸೈಟಲ್ಲಿ ಎರಡು ಕೆಜಿ ಹಪ್ಪಳ ತಗೊಳ್ಳೋಣ ಅಂತ ಕೂತೆ. ಟ್ಯಾಬ್ ಒತ್ತಿ ಒತ್ತಿ ಸಾಕಾಯ್ತು. ಬಟನ್ನೇ ಇಲ್ವಲ್ಲಮ್ಮ?’ ಅಂದರು. ಬೇರೆಯವರ ಸೈಟಾಗಿದ್ದರೆ ಸುಮ್ಮನಾಗುತ್ತಿದ್ದರೇನೋ. ಮನೆಮಗಳದ್ದು ಅಂತ ದನಿಯಲ್ಲಿ ಒಂಚೂರು ಬೇಜಾರಿತ್ತು.

ಶನಿವಾರ ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಕೂತೆವು. ಬಟನ್ ಇತ್ತು, ಆದರೆ ಅದೊಂದು ‘ಡಿವ್’. ಹಸಿರು ಬಳಿದು, ಮೂಲೆ ದುಂಡಗೆ ಮಾಡಿ, ಆನ್‌ಕ್ಲಿಕ್ ಹಚ್ಚಿದ್ದಳು. ಮೌಸ್ ಹಿಡಿದವರಿಗೆ ಅದು ಬಟನ್ನೇ. ಬ್ರೌಸರ್ ಪಾಲಿಗೆ ಮಾತ್ರ ಬರೀ ಒಂದು ಖಾಲಿ ಡಬ್ಬಿ. ಹಾಗಾಗಿ ಟ್ಯಾಬ್ ಒತ್ತಿದರೆ ಅಲ್ಲಿ ನಿಲ್ಲುವುದಿಲ್ಲ, ಎಂಟರ್ ಒತ್ತಿದರೆ ಕೆಲಸ ಮಾಡುವುದಿಲ್ಲ, ಎನ್‌ವಿಡಿಎ ಅದನ್ನು ಬಟನ್ ಅಂತ ಹೇಳುವುದೂ ಇಲ್ಲ.

‘ಹಾಗಾದ್ರೆ ರೋಲ್ ಈಕ್ವಲ್ಸ್ ಬಟನ್ ಅಂತ ಹಾಕಿ, ಟ್ಯಾಬ್‌ಇಂಡೆಕ್ಸ್ ಸೊನ್ನೆ ಕೊಟ್ರೆ ಸಾಕಂತೆ ಅಕ್ಕ, ಎಐ ಹೇಳ್ತು’ ಅಂದಳು. ಸಾಲದು. ಟ್ಯಾಬ್ ನಿಲ್ಲುತ್ತೆ, ಬಟನ್ ಅಂತ ಹೆಸರೂ ಹೇಳುತ್ತೆ, ಆದರೆ ಎಂಟರ್‌ಗೂ ಸ್ಪೇಸ್‌ಗೂ ಬೇರೆ ಜಾವಾಸ್ಕ್ರಿಪ್ಟ್ ಬರೀಬೇಕು. ಎಚ್‌ಟಿಎಂಎಲ್‌ನಲ್ಲೇ ‘ಬಟನ್’ ಟ್ಯಾಗ್ ಇದೆಯಲ್ಲ, ಅದನ್ನು ಹಾಕಿದರೆ ಇಷ್ಟೂ ಪುಕ್ಕಟೆ. ಹಾಕಿದೆವು. ಹನ್ನೊಂದು ಸಾಲು ಕೋಡ್ ಅಳಿಸಿಹೋಯಿತು! ಆಮೇಲೂ ಟ್ಯಾಬ್ ಎಲ್ಲಿದೆ ಅಂತ ನಮಗೇ ಕಾಣಲಿಲ್ಲ. ‘ನೀಲಿ ಗೆರೆ ಅಸಹ್ಯ’ ಅಂತ ಸಿಎಸ್‌ಎಸ್‌ನಲ್ಲಿ ‘ಔಟ್‌ಲೈನ್ ನನ್’ ಬರೆದಿದ್ದಳು. ನಾನೂ ಮೊದಲ ಕೆಲಸದಲ್ಲಿ ಬರೆದವಳೇ, ಬೈಯಲು ಬಾಯಿ ಬರಲಿಲ್ಲ.

ಫೋಟೊಗಳಿಗೆ ಆಲ್ಟ್ ಇರಲಿಲ್ಲ. ಹಾಗೆ ಬಿಟ್ಟರೆ ಕೆಲವೊಮ್ಮೆ ಫೈಲ್ ಹೆಸರನ್ನೇ ಅಂಕಿ ಸಮೇತ ಓದಿಬಿಡುತ್ತದೆ. ಅವಳು ಎಲ್ಲದಕ್ಕೂ ‘ಹಪ್ಪಳದ ಚಿತ್ರ’ ಅಂತ ತುಂಬತೊಡಗಿದಳು. ಚಿತ್ರ ಅನ್ನೋದನ್ನು ಎನ್‌ವಿಡಿಎನೇ ಹೇಳುತ್ತೆ ಕಣೇ, ನೀನು ‘ಉದ್ದಿನ ಹಪ್ಪಳ, ಅರ್ಧ ಕೆಜಿ ಪ್ಯಾಕೆಟ್’ ಅಂತ ಬರಿ ಅಂದೆ. ಅಂಚಿನ ಹೂಬಳ್ಳಿಗೆ ಆಲ್ಟ್ ಖಾಲಿ ಬಿಟ್ಟೆವು, ಅದನ್ನು ಓದಿಸಿ ಯಾರಿಗೇನು?

ಹೆಸರು, ವಿಳಾಸದ ಖಾನೆಗಳಿಗೆ ಲೇಬಲ್ ಇಲ್ಲದೆ ಪ್ಲೇಸ್‌ಹೋಲ್ಡರ್ ಮಾತ್ರ ಇತ್ತು, ಟೈಪ್ ಮಾಡಲು ಶುರು ಮಾಡಿದೊಡನೆ ಮಾಯ. ಅದರ ಬೂದು ಬಣ್ಣವೋ, ಬಿಳಿ ಮೇಲೆ ನನಗೇ ಕಾಣದಷ್ಟು ತೆಳು. ಮಾಮೂಲಿ ಗಾತ್ರದ ಅಕ್ಷರಕ್ಕೆ 4.5:1 ವ್ಯತ್ಯಾಸವಾದರೂ ಇರಲಿ ಅನ್ನುತ್ತದೆ ಡಬ್ಲ್ಯುಸಿಎಜಿ ನಿಯಮ.

ನಮ್ಮಂಥವರು ಮರೆಯುವ ಇನ್ನೊಂದಿದೆ. ಪುಟ ಪೂರ್ತಿ ಕನ್ನಡ, ಆದರೆ ಮೊದಲ ಸಾಲಿನಲ್ಲಿ ಎಡಿಟರ್ ತಾನೇ ಹಾಕಿಕೊಟ್ಟ ‘ಲ್ಯಾಂಗ್ ಇಎನ್’ ಹಾಗೇ ಇತ್ತು. ಅದನ್ನು ನಂಬಿ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೊರಟು ತೊದಲುತ್ತದೆ. ‘ಕೆಎನ್’ ಮಾಡಿದೆವು, ಎರಡೇ ಅಕ್ಷರ.

ಭಾನುವಾರ ಸಂಜೆ ದೊಡ್ಡಪ್ಪ ಫೋನ್ ಸ್ಪೀಕರ್‌ಗೆ ಹಾಕಿ ಕೂತರು. ಟ್ಯಾಬ್, ಟ್ಯಾಬ್. ‘ಕಾರ್ಟ್‌ಗೆ ಸೇರಿಸಿ, ಬಟನ್’ ಅಂತ ಆ ಕಡೆಯಿಂದ ಯಂತ್ರದ ದನಿ ಕೇಳಿದ್ದೇ ತಡ, ಈ ಹುಡುಗಿ ಕಿರುಚಿಬಿಟ್ಟಳು. ಎರಡು ಕೆಜಿ ಉದ್ದಿನ ಹಪ್ಪಳ, ಕಾಲು ಕೆಜಿ ಚಟ್ನಿಪುಡಿ. ಅಲ್ಲಿಂದ ಮುಂದೆ ಹಣ ಕಟ್ಟುವ ಪುಟ ಬಂತು. ಅದು ನಮ್ಮದಲ್ಲ, ಬೇರೆಯವರದ್ದು. ಅಲ್ಲಿ ಮತ್ತೆ ಟ್ಯಾಬ್ ಎಲ್ಲೂ ನಿಲ್ಲಲಿಲ್ಲ.

‘ಇದನ್ನ ಯಾರಿಗೆ ಹೇಳ್ಬೇಕಮ್ಮ?’ ಅಂದರು ದೊಡ್ಡಪ್ಪ. ಆ ಕಂಪನಿಗೆ ಮೇಲ್ ಬರೆದು ಕೂತಿದ್ದೇವೆ. ಹಪ್ಪಳದ ದುಡ್ಡನ್ನು ಸದ್ಯ ದೊಡ್ಡಮ್ಮ ಕಳಿಸಿದ್ದಾರೆ.