ನೀರಂಚಿನ ಕಬ್ಬಿಣದ ಹಾದಿ ಜಾರುವುದೇಕೆ?

ಕಳೆದ ಮಳೆಗಾಲದ ಒಂದು ಬೆಳಗ್ಗೆ ಕೆಲವು ಮಂದಿ ವಿದ್ಯಾರ್ಥಿಗಳೊಡನೆ ಕರಾವಳಿಯ ಅಳಿವೆಯೊಂದನ್ನು ದಾಟಲು ನಾವು ದೋಣಿಯ ದಕ್ಕೆಗೆ ಹೋಗಿದ್ದೆವು. ದಡದಿಂದ ತೇಲುಕಟ್ಟೆಗೆ ಇಳಿಯಲು ಅಲ್ಲಿ ಕಬ್ಬಿಣದ ಇಳಿಜಾರು ಹಾದಿಯನ್ನು ಹೊಸದಾಗಿ ಹಾಕಿದ್ದರು. ನಮ್ಮ ಮುಂದೆ ಮೀನಿನ ಬುಟ್ಟಿ ಹೊತ್ತು ನಡೆಯುತ್ತಿದ್ದ ಮಹಿಳೆಯೊಬ್ಬರು ಅದರ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನೆರೆದವರು ಹಾದಿಯನ್ನು ದೂರಿದಾಗ ಕೆಲಸದ ಮೇಸ್ತ್ರಿ ಅದೇ ಸ್ಥಳದಲ್ಲಿ ನಿಂತು, ಕಾಲನ್ನು ಬಲವಾಗಿ ಊರಿ, “ನೋಡಿ ಮಾಷ್ಟ್ರೇ, ಚೆಕರ್ಡ್ ಪ್ಲೇಟೇ ಹಾಕಿದ್ದೇವೆ. ಎಲ್ಲಿ ಜಾರುತ್ತದೆ?” ಎಂದು ನಮ್ಮನ್ನೇ ಕೇಳಿದರು. ಅವರು ಜಾರಲಿಲ್ಲವೆಂಬುದು ನಿಜ. ನಮ್ಮ ವಿದ್ಯಾರ್ಥಿಗಳಲ್ಲಿ ಇಬ್ಬರು, ತಪ್ಪು ಆಕೆಯ ಸವೆದ ಚಪ್ಪಲಿಯದೇ ಎಂದು ತೀರ್ಮಾನಿಸಿಬಿಟ್ಟರು.

ಈ ತೀರ್ಮಾನವನ್ನು ನಾವು ಒಪ್ಪಲಾರೆವು. ಮೇಸ್ತ್ರಿಯು ಮಾಡಿ ತೋರಿಸಿದ ಪರೀಕ್ಷೆ ನಿಂತ ಕಾಲಿನದು, ಬಿದ್ದವರು ನಡೆಯುತ್ತಿದ್ದವರು. ಈ ಎರಡರ ನಡುವೆ ಇರುವ ಅಂತರವೇ ಈ ಲೇಖನದ ವಿಷಯ.

ನಾವು ನಡೆಯುವಾಗ ಹಿಮ್ಮಡಿಯು ನೆಲವನ್ನು ಕೆಳಕ್ಕೆ ಒತ್ತುವುದಲ್ಲದೆ ಮುಂದಕ್ಕೂ ತಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ಈ ತಳ್ಳುವಿಕೆಯು ಒತ್ತುವಿಕೆಯ ಸುಮಾರು ಐದನೆಯ ಒಂದು ಪಾಲು. ಎಂದರೆ ಘರ್ಷಣ ಗುಣಾಂಕ 0.2ರಷ್ಟಾದರೂ ಇರಬೇಕು. ನೀರು ಇಳಿದಾಗ ತೇಲುಕಟ್ಟೆಯೂ ಇಳಿಯುವುದರಿಂದ ಹಾದಿ ಕಡಿದಾಗುತ್ತದೆ. ಇಳಿಜಾರು 10 ಡಿಗ್ರಿಯಾದರೆ, ಅದರ ಟ್ಯಾಂಜೆಂಟ್ ಆದ 0.18 ಇದಕ್ಕೆ ಹೆಚ್ಚುಕಡಮೆ ಕೂಡಿಕೊಂಡು, ಬೇಕಾಗುವ ಗುಣಾಂಕ ಇಮ್ಮಡಿಯ ಹತ್ತಿರಕ್ಕೆ ಬರುತ್ತದೆ. ಒಣಗಿದ ಉಕ್ಕು ಮತ್ತು ರಬ್ಬರು ಇಷ್ಟನ್ನು ಸುಲಭವಾಗಿ ಕೊಡುತ್ತವೆ. ಆದರೆ ನಡುವೆ ನೀರು ಬಂದರೆ?

ಎರಡು ಚಪ್ಪಟೆ ತಟ್ಟೆಗಳ ನಡುವೆ ಸಿಕ್ಕಿದ ದ್ರವ ಹೊರಬೀಳಲು ಎಷ್ಟು ಕಾಲ ಬೇಕೆಂಬುದನ್ನು ಆಸ್ಟ್ರಿಯದ ಯೋಸೆಫ್ ಸ್ಟೆಫಾನ್ 1874ರಲ್ಲಿ ಲೆಕ್ಕ ಹಾಕಿದನು. ಶಾಖವಿಕಿರಣದ ನಿಯಮದಿಂದ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾದ ಸ್ಟೆಫಾನನೇ ಈತ. ಒತ್ತಡ ಒಂದೇ ಆಗಿದ್ದರೆ, ದುಂಡನೆಯ ತಟ್ಟೆಯ ಅಗಲವನ್ನು ಅರ್ಧಕ್ಕೆ ಇಳಿಸಿದಾಗ ಬೇಕಾಗುವ ಕಾಲ ಕಾಲುಭಾಗಕ್ಕೆ ಇಳಿಯುತ್ತದೆ. ಇಷ್ಟೇ ಅಲ್ಲ, ಪದರ ತೆಳುವಾದಂತೆಲ್ಲ ಅದನ್ನು ಇನ್ನೂ ತೆಳುವಾಗಿಸುವುದು ಕಷ್ಟವಾಗುತ್ತ ಹೋಗುತ್ತದೆ. ನಿಂತ ಮೇಸ್ತ್ರಿಗೆ ಬೇಕಾದಷ್ಟು ಕಾಲವಿತ್ತು. ಅವರ ಕಾಲಡಿಯ ನೀರೆಲ್ಲ ಹಿಂಡಿಹೋಗಿತ್ತು. ನಡೆಯುವವರ ಹಿಮ್ಮಡಿಗೆ ದೊರೆಯುವುದು ಒಂದು ಸೆಕೆಂಡಿನ ಅತ್ಯಲ್ಪ ಭಾಗ ಮಾತ್ರ. ಆ ನೀರಿನಲ್ಲಿ ಪಾಚಿಯ ಲೋಳೆಯೋ ಮೀನಿನ ಎಣ್ಣೆಯೋ ಸೇರಿದರೆ ಸ್ನಿಗ್ಧತೆ ಹೆಚ್ಚಿ, ಕಾಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ಆದುದರಿಂದ ಒಳ್ಳೆಯ ನೆಲಕ್ಕೆ ಎರಡು ಗುಣಗಳಿರಬೇಕು. ನೀರು ಓಡಿಹೋಗಲು ಹತ್ತಿರ ಹತ್ತಿರವಾಗಿ ದಾರಿಗಳಿರಬೇಕು; ಉಳಿದ ತೆಳುಪದರವನ್ನು ಚುಚ್ಚಿ ಚಪ್ಪಲಿಯನ್ನು ಮುಟ್ಟುವಂಥ ಒರಟು ಮೊನೆಗಳೂ ಇರಬೇಕು. ಚೆಕರ್ಡ್ ಪ್ಲೇಟಿನ ಉಬ್ಬುಗಳ ತಲೆ ನುಣುಪಾದುದು, ಜನರು ತುಳಿದಷ್ಟೂ ಮತ್ತಷ್ಟು ನುಣುಪಾಗತಕ್ಕದ್ದು. ಉಬ್ಬುಗಳ ನಡುವಣ ನೀರಿಗೆ ಕೆಳಕ್ಕೆ ದಾರಿಯಿಲ್ಲ. ಅದು ಅಲ್ಲಿಯೇ ನಿಂತು ಪಾಚಿಯನ್ನು ಬೆಳೆಸುತ್ತದೆ. ಕಣ್ಣಿಗೆ ಒರಟಾಗಿ ಕಾಣುವುದೇ ಅದರ ದೊಡ್ಡ ದೋಷವೆಂದು ನಮಗೆ ತೋರುತ್ತದೆ; ಕಂಡವರು ಧೈರ್ಯದಿಂದ ಹೆಜ್ಜೆಯಿಡುತ್ತಾರೆ. ಹಲ್ಲುಕೊರೆದ ಉಕ್ಕಿನ ಪಟ್ಟಿಗಳನ್ನು ಅಡ್ಡನಿಲ್ಲಿಸಿ ಮಾಡಿದ ಗ್ರೇಟಿಂಗಿನಲ್ಲಾದರೋ ನೀರು ಕೆಳಗೆ ಬಿದ್ದುಹೋಗುತ್ತದೆ, ಹಲ್ಲು ಚಪ್ಪಲಿಯನ್ನು ಕಚ್ಚುತ್ತದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಅಂಗಳದ ಪಾಚಿಯ ಮೇಲೆ ಅಡಿಕೆಯ ಸೋಗೆ ಹಾಸುವವರು ಸ್ಟೆಫಾನನ ಹೆಸರನ್ನು ಕೇಳಿಲ್ಲದಿರಬಹುದು. ಆದರೂ ಕಾಲಿಗೂ ನೆಲಕ್ಕೂ ನಡುವೆ ಸಂದುಗಳಿರಬೇಕೆಂಬುದನ್ನು ಅವರು ಬಲ್ಲರು.

ಹಾಗೆಂದು ಎಲ್ಲೆಡೆಯೂ ಹಲ್ಲಿನ ಗ್ರೇಟಿಂಗನ್ನೇ ಹಾಕಿರೆಂದು ನಾವು ಹೇಳುವುದಿಲ್ಲ. ನಮ್ಮ ಸ್ನಾನಘಟ್ಟಗಳಲ್ಲಿ ನಡೆಯುವವರು ಬರಿಗಾಲಿನವರು. ಹಲ್ಲು ಅವರ ಅಂಗಾಲನ್ನು ಸೀಳುತ್ತದೆ. ದೊಡ್ಡ ಸಂದಿನಲ್ಲಿ ಮಕ್ಕಳ ಬೆರಳು ಸಿಕ್ಕುತ್ತದೆ. ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕಾಗಿ ಮಾಡಿರುವ ನಿಯಮದಂತೆ ನಡೆಹಾದಿಯ ಸಂದಿನೊಳಕ್ಕೆ 13 ಮಿಲಿಮೀಟರ್ ವ್ಯಾಸದ ಗುಂಡು ತೂರಬಾರದು. ಬರಿಗಾಲಿನ ಸ್ಥಳಗಳಿಗೆ ಇಂಥ ಸಣ್ಣ ತೂತುಗಳುಳ್ಳ, ಅಂಚನ್ನು ಮೊಂಡಾಗಿ ಮೇಲೆಬ್ಬಿಸಿದ ತಗಡು ಮೇಲು. ಬಿಸಿಲಿನಲ್ಲಿ ಲೋಹ ಕಾಯುವುದೆಂಬ ಆಕ್ಷೇಪ ಉಳಿದೇ ಇದೆ. ಅಲ್ಲಿ ನೆರಳು ಬೇಕು, ಇಲ್ಲವೆ ಕಲ್ಲೇ ಇರಲಿ.

ನಾವು ಮುಖ್ಯವಾಗಿ ಕೇಳುವುದು ಅಳತೆಯನ್ನು. ಜರ್ಮನಿಯಲ್ಲಿ ಈಜುಕೊಳದಂಥ ಸ್ಥಳಗಳ ನೆಲದ ಮೇಲೆ ಸಾಬೂನುನೀರು ಹರಿಸಿ, ಅದರ ಮೇಲೆ ಬರಿಗಾಲಿನ ಮನುಷ್ಯನನ್ನು ನಡೆಸುತ್ತ ನೆಲವನ್ನು ಓರೆ ಮಾಡುತ್ತ ಹೋಗುತ್ತಾರೆ. 12, 18, 24 ಡಿಗ್ರಿಗಳೆಂದು ಮೂರು ದರ್ಜೆಗಳನ್ನು ಗೊತ್ತುಮಾಡಿದ್ದಾರೆ. ಬ್ರಿಟನ್ನಿನಲ್ಲಿ ರಬ್ಬರು ಕಟ್ಟಿದ ಲೋಲಕವು ಒದ್ದೆ ನೆಲವನ್ನು ಸವರಿ ಹೋಗುವಂತೆ ಬಿಟ್ಟು, ಅದು ಕಳೆದುಕೊಂಡ ಶಕ್ತಿಯಿಂದ ಅಂಕ ಕೊಡುತ್ತಾರೆ. ಅಂಕ 36 ಅಥವಾ ಹೆಚ್ಚಾದರೆ ಜಾರುವ ಸಂಭವ ಕಡಮೆ. 24 ಅಥವಾ ಅದಕ್ಕೂ ಕೆಳಗಾದರೆ ಬಹಳ ಹೆಚ್ಚು. ವರ್ಷಕ್ಕೆ ಮೂರು ಮೀಟರಿಗೂ ಮಿಗಿಲಾಗಿ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಸಾರ್ವಜನಿಕ ದಕ್ಕೆಯ ಗುತ್ತಿಗೆಪತ್ರದಲ್ಲಿ ತಗಡಿನ ದಪ್ಪದೊಡನೆ ಇಂಥದೊಂದು ಅಂಕವನ್ನೂ ಏಕೆ ಬರೆಯಬಾರದು? ಹಾಕಿದ ದಿನ ಒಮ್ಮೆ, ಪ್ರತಿ ಮಳೆಗಾಲದಲ್ಲಿಯೂ ಒಮ್ಮೆ ಒದ್ದೆ ನೆಲದ ಮೇಲೆಯೇ ಅಳೆಯಬೇಕು.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕಯಂತ್ರವಿಲ್ಲ. ಆ ಇಬ್ಬರು ವಿದ್ಯಾರ್ಥಿಗಳು ಚೆಕರ್ಡ್ ಪ್ಲೇಟಿನ ತುಂಡೊಂದನ್ನು ತಂದು, ನೀರು ಸುರಿದು, ತೂಕವಿಟ್ಟ ಚಪ್ಪಲಿಯನ್ನು ಅದರ ಮೇಲಿಟ್ಟು ಮೆಲ್ಲಗೆ ಓರೆ ಮಾಡಿದರು. ಚಪ್ಪಲಿ ಬಹಳ ಹೊತ್ತು ಕದಲಲಿಲ್ಲ. ಮೇಸ್ತ್ರಿಯೇ ಸರಿಯೆಂದು ಅವರು ಮತ್ತೆ ವಾದಿಸಿದರು. ತಗಡನ್ನು ಮೊದಲೇ ಓರೆಯಾಗಿಟ್ಟು, ಅದೇ ಚಪ್ಪಲಿಯನ್ನು ನಡೆಯುವ ವೇಗದಲ್ಲಿ ಅದರ ಮೇಲೆ ಇಳಿಸಿರೆಂದು ನಾವು ಹೇಳಿದೆವು. ಆಗ ಅದು ಮೇಜಿನಿಂದಾಚೆಗೆ ಜಾರಿ ಬಿದ್ದಿತು.