ಗುಂಡಿ ಒತ್ತಿದ ಮತ, ಕಣ್ಣಿಗೆ ಕಂಡ ಮತ

1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿ 456 ಅಭ್ಯರ್ಥಿಗಳಿದ್ದರು. ಮತಪತ್ರವೆಂಬುದು ಆಗ ಒಂದು ಪುಸ್ತಕವೇ ಸರಿ. ಅದನ್ನು ಮಡಚಿ ಪೆಟ್ಟಿಗೆಯಲ್ಲಿ ತುರುಕುವ, ಮತ್ತೆ ಬಿಡಿಸಿ ಎಣಿಸುವ ಪರಿಪಾಟಲನ್ನು ಪಟ್ಟವರೇ ಬಲ್ಲರು. ಮುದ್ರೆಯು ಎರಡು ಚಿಹ್ನೆಗಳ ನಡುವಣ ಗೆರೆಯ ಮೇಲೆ ಬಿದ್ದು, ಅಕ್ಷರವರಿಯದ ಎಷ್ಟೋ ತಾಯಂದಿರ ಮತಗಳು ತಿರಸ್ಕೃತವಾಗುತ್ತಿದ್ದವು. ಮತಗಟ್ಟೆಗೆ ನುಗ್ಗಿ ಗಳಿಗೆಯೊಳಗೆ ಪೆಟ್ಟಿಗೆ ತುಂಬಿಸುವ ದುರುಳರೂ ನಾಡಿನಲ್ಲಿದ್ದರು. ಮತಯಂತ್ರವಾದರೋ ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮತಗಳನ್ನು ಸ್ವೀಕರಿಸದು. ಈ ಉಪಕಾರವನ್ನು ಮರೆಯಲಾಗದು.

ಆದರೂ ಯಂತ್ರದೊಡನೆ ವಿವಾದವೂ ಹುಟ್ಟಿತು. 1982ರಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದನ್ನು ಮೊದಲು ಬಳಸಿದರು. ಕಾನೂನಿನಲ್ಲಿ ಯಂತ್ರಕ್ಕೆ ಎಡೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಆ ಮತದಾನವನ್ನು ರದ್ದುಗೊಳಿಸಿತು. ಮರುಮತದಾನದಲ್ಲಿ ಸೋತವರೇ ಗೆದ್ದರು! ಬಳಿಕ ಕಾನೂನು ತಿದ್ದುಪಡಿಯಾಗಿ, 2004ರ ಲೋಕಸಭಾ ಚುನಾವಣೆಯು ದೇಶದಾದ್ಯಂತ ಯಂತ್ರದಿಂದಲೇ ನಡೆಯಿತು.

ಸೋತಾಗ ಯಂತ್ರವನ್ನು ಹಳಿದು, ಗೆದ್ದಾಗ ಮೌನ ತಾಳುವ ನಾಯಕರ ಮಾತಿಗೆ ನಾನು ಬೆಲೆ ಕೊಡಲಾರೆ. ಸಾಮಾನ್ಯ ಮತದಾರನ ಸಂಶಯವಾದರೋ ಬೇರೆಯೇ. 'ಒತ್ತಿದೆನು ಸರಿ, ಒಳಗೆ ಬಿದ್ದುದೇನು?' ಎಂಬುದು ಅವನ ಪ್ರಶ್ನೆ. ಜರ್ಮನಿಯ ಸಂವಿಧಾನ ನ್ಯಾಯಾಲಯವು 2009ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಹಿಡಿಯಿತು. ತಾಂತ್ರಿಕ ಜ್ಞಾನವಿಲ್ಲದ ಪ್ರಜೆಯೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸುವಂತಿರಬೇಕೆಂದು ಹೇಳಿ, ಅಲ್ಲಿ 2005ರಲ್ಲಿ ಬಳಸಿದ್ದ ಯಂತ್ರಗಳನ್ನು ಸಂವಿಧಾನಬಾಹಿರವೆಂದು ಸಾರಿತು.

ನಮ್ಮಲ್ಲಿ ಇದಕ್ಕೆ ದೊರೆತ ಉತ್ತರವೆಂದರೆ ಕಾಗದದ ಚೀಟಿ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಹಂತಹಂತವಾಗಿ ತರಬೇಕೆಂದಿತು. 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಿಗೂ ಬಂದಿತು. ಆದರೆ ಎಣಿಸಿ ತಾಳೆ ನೋಡುವುದು ಪ್ರತಿ ವಿಧಾನಸಭಾ ವಿಭಾಗದ ಐದು ಮತಗಟ್ಟೆಗಳ ಚೀಟಿಗಳನ್ನು ಮಾತ್ರ. ಎಲ್ಲವನ್ನೂ ಎಣಿಸಬೇಕೆಂಬ ಮನವಿಯನ್ನು ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ತೀರ್ಪಿಗೆ ತಲೆಬಾಗುತ್ತೇನೆ, ಆದರೂ ಐದು ಕಡಮೆಯೆಂಬುದೇ ನನ್ನ ಎಣಿಕೆ. ಆಯೋಗವು ತಾನಾಗಿಯೇ ಇನ್ನಷ್ಟು ಮತಗಟ್ಟೆಗಳ ಚೀಟಿಗಳನ್ನು ಎಣಿಸಿದರೆ ಫಲಿತಾಂಶ ತುಸು ತಡವಾದೀತು, ಅಷ್ಟೇ. ಹಿಂದೆ ರಾತ್ರಿಯಿಡೀ ಬಾನುಲಿಯ ಮುಂದೆ ಕುಳಿತು ಕಾದವರಲ್ಲವೇ ನಾವು?

ವಾಚಕ ಬಂಧುಗಳೇ, ಮುಂದಿನ ಸಲ ಗುಂಡಿ ಒತ್ತಿದೊಡನೆ ಹೊರಟುಬಿಡಬೇಡಿ. ಗಾಜಿನ ಕಿಂಡಿಯಲ್ಲಿ ಚೀಟಿಯು ಏಳು ಸೆಕೆಂಡು ಕಾಣುತ್ತದೆ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ ಹೇಳಿ. ಬೇರೆ ಚಿಹ್ನೆ ಕಂಡರೆ ಅಲ್ಲಿಯೇ ಮತಗಟ್ಟೆಯ ಅಧಿಕಾರಿಗೆ ಲಿಖಿತವಾಗಿ ದೂರಬಹುದು. ಏಜೆಂಟರ ಸಮಕ್ಷಮದಲ್ಲಿ ಪರೀಕ್ಷಾ ಮತ ಹಾಕಿಸಿ ನೋಡುತ್ತಾರೆ. ದೂರು ಸುಳ್ಳಾದರೆ ಶಿಕ್ಷೆಯುಂಟು. ಆದಕಾರಣ ಕಣ್ಣಾರೆ ಕಂಡುದನ್ನಷ್ಟೇ ಬರೆದುಕೊಡಿ.