ನಡುವೆ ಇನ್ನೊಂದು ಪೆಟ್ಟಿಗೆ ಬೇಕೆ?

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕಡೆಯಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟನು. ಅವನು ಅಷ್ಟಷ್ಟೇ ಹಣ ಕೂಡಿಟ್ಟು ಒಂದು ಹಳೆಯ ಆಂಪ್ಲಿಫಯರನ್ನೂ ಎರಡು ಸ್ಪೀಕರುಗಳನ್ನೂ ಕೊಂಡಿದ್ದನು. ಮೊಬೈಲಿನಲ್ಲಿ ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಚಿಕ್ಕ ಪರಿವರ್ತಕವನ್ನೂ ತಂದಿದ್ದನು. ಅಂಗಡಿಯವನು, ‘ನಡುವೆ ಪ್ರಿ-ಆಂಪ್ಲಿಫಯರ್ ಇಲ್ಲದಿದ್ದರೆ ನಾದಕ್ಕೆ ಜೀವ ಬಾರದು’ ಎಂದನಂತೆ. ಗೆಳೆಯನು, ‘ಅದು ದಂಡದ ಖರ್ಚು’ ಎಂದನಂತೆ. ‘ಯಾರ ಮಾತನ್ನು ನಂಬಲಿ, ಸಾರ್?’ ಎಂದು ಹುಡುಗನು ಕೇಳಿದನು. ಲೆಕ್ಕವನ್ನು ನಂಬು ಎಂದೆವು. ಆ ಲೆಕ್ಕವನ್ನೇ ವಾಚಕರ ಮುಂದೆ ಇಡುತ್ತಿದ್ದೇವೆ.

ಪ್ರಿ-ಆಂಪ್ಲಿಫಯರ್, ಎಂದರೆ ಪೂರ್ವವರ್ಧಕ, ಏಕೆ ಹುಟ್ಟಿತೆಂಬುದನ್ನು ಮೊದಲು ವಿಚಾರಿಸೋಣ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ನಿಲಯವನ್ನು ಆರಂಭಿಸಿದಾಗ, ಹಾಡುವವರ ಕಂಠದಿಂದ ಹೊರಟ ಧ್ವನಿಯು ಮೈಕಿನಲ್ಲಿ ಅತ್ಯಲ್ಪ ವಿದ್ಯುತ್ತಾಗಿಯೇ ಮಾರ್ಪಡುತ್ತಿತ್ತು. ಇಂದು ಸಭೆಗಳಲ್ಲಿ ಬಳಸುವ ಸಾಮಾನ್ಯ ಮೈಕು ಕೊಡುವುದೂ ಕೆಲವೇ ಸಾವಿರಾಂಶ ವೋಲ್ಟು. ಗ್ರಾಮಫೋನು ತಟ್ಟೆಯ ಮೇಲೆ ಓಡುವ ಆಯಸ್ಕಾಂತದ ಮುಳ್ಳು ಕೊಡುವುದು ಸುಮಾರು 5 ಸಾವಿರಾಂಶ ವೋಲ್ಟು. ಇಂಥ ಕ್ಷೀಣ ಸಂಕೇತವನ್ನು ದೊಡ್ಡ ಆಂಪ್ಲಿಫಯರಿಗೆ ನೇರವಾಗಿ ಕೊಟ್ಟರೆ ಸ್ಪೀಕರು ಪಿಸುಗುಟ್ಟೀತೇ ಹೊರತು ಹಾಡಲಾರದು. ಆದುದರಿಂದ ಮೊದಲು ನೂರಾರು ಪಟ್ಟು ಹಿಗ್ಗಿಸುವ ಒಂದು ಮೆಟ್ಟಿಲು ಅವಶ್ಯವಾಯಿತು.

ಡ್ಯಾಕಿನ ಸಂಗತಿ ಬೇರೆ. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕು ಮಾರುಕಟ್ಟೆಗೆ ಬಂದಂದಿನಿಂದ ಇಂಥ ಉಪಕರಣಗಳು ಗರಿಷ್ಠ ಸುಮಾರು 2 ವೋಲ್ಟು ಕೊಡುವುದು ರೂಢಿ. ಇನ್ನು ಆಂಪ್ಲಿಫಯರಿಗೆ ಎಷ್ಟು ಬೇಕು? 8 ಓಮ್ ಸ್ಪೀಕರಿಗೆ 50 ವಾಟ್ ಒದಗಿಸಲು 20 ವೋಲ್ಟು ಬೇಕು. ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ವಾಟು ಬರುತ್ತದೆಂಬುದು ನಿಮಗೆ ತಿಳಿದೇ ಇದೆ. ಆಂಪ್ಲಿಫಯರು 20 ಪಟ್ಟು ಹಿಗ್ಗಿಸುವಂಥದಾದರೆ ಅದರ ಬಾಯಿಗೆ 1 ವೋಲ್ಟು ಬಿದ್ದರೆ ಸಾಕು. ಡ್ಯಾಕು ಅದರ ಎರಡರಷ್ಟನ್ನು ಕೊಡುತ್ತಿದೆ! ಇಲ್ಲಿ ಇನ್ನೂ ಹಿಗ್ಗಿಸುವ ಯಂತ್ರಕ್ಕೆ ಕೆಲಸವೇ ಇಲ್ಲ; ಬೇಕಾದುದು ತಗ್ಗಿಸುವ ಉಪಾಯ. ಪ್ರತಿರೋಧಗಳ ಹೊಂದಾಣಿಕೆಗಾಗಿ ಪೂರ್ವವರ್ಧಕ ಬೇಕೆಂಬ ವಾದವೂ ಉಂಟು. ಡ್ಯಾಕಿನ ಒಳಪ್ರತಿರೋಧ 100 ಓಮ್, ಆಂಪ್ಲಿಫಯರಿನದು 10,000 ಓಮ್ ಎಂದಿಟ್ಟುಕೊಂಡರೆ ನಷ್ಟವಾಗುವುದು ನೂರಕ್ಕೆ ಒಂದು ಪಾಲು ಮಾತ್ರ. ಅದನ್ನು ಯಾವ ಕಿವಿಯೂ ಗುರುತಿಸಲಾರದು.

ಹಾಗಾದರೆ ಧ್ವನಿಯನ್ನು ಎಲ್ಲಿ ತಗ್ಗಿಸಬೇಕು? ನಿಜವಾದ ಪ್ರಶ್ನೆ ಇದು. ಮೊಬೈಲಿನಲ್ಲಿಯೋ ಡ್ಯಾಕಿನಲ್ಲಿಯೋ ಅಂಕಿಗಳನ್ನೇ ಭಾಗಿಸಿ ತಗ್ಗಿಸಬಹುದು. ಹಾಗೆ ಮಾಡಿದರೆ ಸಂಗೀತದ ಸೂಕ್ಷ್ಮ ವಿವರಗಳು ಅಳಿಸಿಹೋಗುತ್ತವೆಂಬ ಭಯವು ಪೂರ್ತಿ ಸುಳ್ಳಲ್ಲ. 16 ಬಿಟ್ಟುಗಳ ಧ್ವನಿಯಲ್ಲಿ 65,536 ಮೆಟ್ಟಿಲುಗಳಿವೆ. 16 ಬಿಟ್ಟಿನ ಚೌಕಟ್ಟಿನಲ್ಲಿಯೇ ಅರ್ಧಕ್ಕೆ ತಗ್ಗಿಸಿದಾಗಲೆಲ್ಲ ಮೆಟ್ಟಿಲುಗಳೂ ಅರ್ಧವಾಗುತ್ತವೆ. ಆದರೆ ಇಂದಿನ ಡ್ಯಾಕುಗಳು ಸಾಮಾನ್ಯವಾಗಿ 24 ಅಥವಾ 32 ಬಿಟ್ಟುಗಳಲ್ಲಿ ಲೆಕ್ಕ ಮಾಡುತ್ತವೆ. 24 ಬಿಟ್ಟುಗಳಿದ್ದರೆ 256ನೆಯ ಒಂದು ಪಾಲಿಗೆ ಇಳಿಸುವವರೆಗೂ ಮೂಲದ ಒಂದು ಮೆಟ್ಟಿಲೂ ಲೆಕ್ಕದಿಂದ ತಪ್ಪುವುದಿಲ್ಲ.

ಉಳಿಯುವುದು ಡ್ಯಾಕಿನ ಸ್ವಂತ ಗದ್ದಲ. ನಮ್ಮ ಸೀಮೆಯ ವಾಣೀವಿಲಾಸ ಸಾಗರವನ್ನು ನೆನೆಯಿರಿ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟಿನಿಂದ ಹೊರಟ ನಾಲೆಗೆ, ದಾರಿಯಲ್ಲಿ ಒಂದು ಹಳ್ಳದ ಕೆಸರುನೀರು ಒಂದೇ ಸಮನೆ ಸೇರುತ್ತಿದೆಯೆಂದು ಭಾವಿಸೋಣ. ಅಣೆಕಟ್ಟಿನ ತೂಬನ್ನು ಇಳಿಸಿದರೆ ತಿಳಿನೀರು ಮಾತ್ರ ಕಡಿಮೆಯಾಗುತ್ತದೆ. ಕೆಸರು ಇದ್ದಷ್ಟೇ ಇರುತ್ತದೆ. ಹೊಲದ ಬಾಯಲ್ಲಿ ತಡೆದರೆ ಎರಡೂ ಒಂದೇ ಪ್ರಮಾಣದಲ್ಲಿ ತಗ್ಗುತ್ತವೆ. ಅಂಕಿಗಳಲ್ಲಿ ತಗ್ಗಿಸುವುದು ತೂಬನ್ನು ಇಳಿಸಿದಂತೆ. ಆಂಪ್ಲಿಫಯರಿನ ಬಾಯಲ್ಲಿ ತಿರುಗಣೆಯಿಟ್ಟು ತಗ್ಗಿಸುವುದು ಹೊಲದ ಬಾಯಲ್ಲಿ ತಡೆದಂತೆ.

ಆ ಕೆಸರು ಎಷ್ಟೆಂಬುದನ್ನೂ ನೋಡೋಣ. ಗದ್ದಲವು ಗರಿಷ್ಠ ಸಂಕೇತದ ಲಕ್ಷದ ಒಂದು ಪಾಲು, ಎಂದರೆ 20 ಮೈಕ್ರೊವೋಲ್ಟು ಇರಲಿ. 20 ಪಟ್ಟು ಹಿಗ್ಗಿ ಸ್ಪೀಕರನ್ನು ಮುಟ್ಟುವಾಗ ಅದು 400 ಮೈಕ್ರೊವೋಲ್ಟು. ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ 88 ಡೆಸಿಬೆಲ್ ನುಡಿಯುವ ಮನೆಯ ಸ್ಪೀಕರಿನಲ್ಲಿ ಇದು ಸುಮಾರು 11 ಡೆಸಿಬೆಲ್ ಆಗುತ್ತದೆ. ನಿಶ್ಶಬ್ದವಾದ ಮಲಗುವ ಕೋಣೆಯಲ್ಲಿಯೂ ಸುಮಾರು 30 ಡೆಸಿಬೆಲ್ ಸದ್ದಿರುವುದರಿಂದ ಈ ಗದ್ದಲ ಕೇಳಿಸದು. ಜಾತ್ರೆಯಲ್ಲಿ ಕಟ್ಟುವ ಕಹಳೆಯಾಕಾರದ ಸ್ಪೀಕರು 108 ಡೆಸಿಬೆಲ್ ನುಡಿಯುವಂಥದಾದರೆ ಅದೇ ಗದ್ದಲ 31 ಡೆಸಿಬೆಲ್ಲಿಗೇರಿ, ಹತ್ತಿರ ನಿಂತವನಿಗೆ ಸುಯ್ಯೆಂದು ಕೇಳಿಸೀತು.

ಹೀಗೆ ಲೆಕ್ಕವು ನೇರ ಜೋಡಣೆಯ ಪಕ್ಷದಲ್ಲಿದ್ದರೂ ಒಂದು ಅಪಾಯವನ್ನು ನಾವು ಮುಚ್ಚಿಡಲಾರೆವು. ಹಳ್ಳಿಯಲ್ಲಿ ಕರೆಂಟು ಹೋಗುತ್ತದೆ, ಬರುತ್ತದೆ. ಕೆಲವು ಡ್ಯಾಕುಗಳು ಮರಳಿ ಎಚ್ಚರಗೊಂಡಾಗ ಹಿಂದಿನ ಮಟ್ಟವನ್ನು ಮರೆತು ಪೂರ್ಣ 2 ವೋಲ್ಟನ್ನು ಹೊರಡಿಸುತ್ತವೆ. ಆಗ ಆಂಪ್ಲಿಫಯರು ತನ್ನ ಮಿತಿಯನ್ನು ಮೀರಿ ಅಲೆಯ ತಲೆಯನ್ನು ಕತ್ತರಿಸುತ್ತದೆ. ಹೆಚ್ಚಿನ ಶ್ರುತಿಯ ಚಿಕ್ಕ ಸ್ಪೀಕರು ಸುಟ್ಟುಹೋಗಬಹುದು. ಸ್ಪೀಕರನ್ನು ಮತ್ತೆ ಕೊಳ್ಳಬಹುದು, ಕಿವಿಯನ್ನು ಕೊಳ್ಳಲಾದೀತೆ? ಮೇಲಿನ ಸ್ಪೀಕರಿಗೆ 50 ವಾಟ್ ಹರಿದರೆ ಒಂದು ಮೀಟರಿನಲ್ಲಿ 105 ಡೆಸಿಬೆಲ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ 40 ಗಂಟೆಗಳ ಕಾಲ ಕೇಳಲು ಹಾಕಿರುವ ಮಿತಿ 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಕಾಲವು ಅರ್ಧವಾಗುವುದರಿಂದ, 105ಕ್ಕೆ ಉಳಿಯುವುದು ಇಡೀ ವಾರಕ್ಕೆ ಏಳೆಂಟು ನಿಮಿಷ!

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಮನೆಯಲ್ಲಿ ಒಂದೇ ಮೂಲದಿಂದ ಸಂಗೀತ ಕೇಳುವವನು ಪೂರ್ವವರ್ಧಕಕ್ಕೆ ಹಣ ಸುರಿಯಬೇಕಾಗಿಲ್ಲ. ಆದರೆ ಆಂಪ್ಲಿಫಯರಿನ ಬಾಯಲ್ಲಿ ಧ್ವನಿ ತಗ್ಗಿಸುವ ಒಂದು ತಿರುಗಣೆ ಇರಲೇಬೇಕು. ಅದು ಆಂಪ್ಲಿಫಯರಿನಲ್ಲಿಯೇ ಇದ್ದರೆ ಸರಿ. ಇಲ್ಲದಿದ್ದರೆ 10,000 ಓಮಿನ ಒಂದು ಪೊಟೆನ್ಷಿಯೊಮೀಟರನ್ನು ಗಿಡ್ಡ ತಂತಿಯಿಂದ ಜೋಡಿಸಿದರೆ ಸಾಕು. ಶಾಲೆಯ ಸಭಾಂಗಣದಲ್ಲಿ ಮೈಕೂ ಡ್ಯಾಕೂ ಒಟ್ಟಿಗೆ ನುಡಿಯಬೇಕಾದಾಗ ಮಾತ್ರ ಪೂರ್ವವರ್ಧಕವುಳ್ಳ ಮಿಕ್ಸರು ಅನಿವಾರ್ಯ. ಅಲ್ಲಿ ಜಿಪುಣತನ ಸಲ್ಲದು.

ಹರಿಯಬ್ಬೆಯ ಹುಡುಗನು ಇಷ್ಟನ್ನೂ ತನ್ನ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಗುಣಿಸಿ ಭಾಗಿಸಿ ನೋಡಿಕೊಂಡನು. ಓಮನ ನಿಯಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವ ನಮ್ಮ ವಿದ್ಯಾರ್ಥಿಗಳು ಅದನ್ನು ಅಂಗಡಿಗೂ ಜೊತೆಯಲ್ಲಿ ಕರೆದೊಯ್ದರೆ, ಅವರ ಕಿಸೆಗೂ ಕ್ಷೇಮ, ಕಿವಿಗೂ ಕ್ಷೇಮ.